ತಲೆ ಮೇಲಿನ ಬಕೆಟ್, ನೆಲದಡಿಯ ಪೈಪು

1/4
ಫ್ಲಶ್ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗ್ತದೆ ಅಂತ ಯೋಚಿಸಿದ್ದುಂಟಾ? ನಮ್ಮ ಅಜ್ಜ-ಅಜ್ಜಿಯ ಕಾಲದ ಉಡುಪಿ ಪೇಟೆಯಲ್ಲಿ ಫ್ಲಶ್ಶೇ ಇಲ್ಲದ ಮನೆಗಳು ಎಷ್ಟೋ. ಹಿತ್ತಲಲ್ಲಿ ಒಣ ಪಾಯಿಖಾನೆ, ಕೆಳಗೊಂದು ಬಕೆಟ್. ಅದನ್ನು ತಲೆ ಮೇಲೆ ಹೊತ್ತು ಸಾಗಿಸುವವರೊಬ್ಬರು ಇದ್ದರು. ಆ ಕೆಲಸ ಅವರು ಆರಿಸಿಕೊಂಡದ್ದಲ್ಲ, ಜಾತಿ ಹೊರಿಸಿದ್ದು.
1968ರಲ್ಲಿ ಡಾ. ವಿ. ಎಸ್. ಆಚಾರ್ಯ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಆಡಳಿತದಲ್ಲೇ ಇಲ್ಲಿ ಮಲ ಹೊರುವ ಪದ್ಧತಿ ನಿಷೇಧವಾಯಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ಇಡೀ ರಾಜ್ಯದಲ್ಲಿ ಅದನ್ನು ನಿಲ್ಲಿಸಲು ಆದೇಶ ಮಾಡಿದರು. ದೇಶದ ಕಾನೂನು ಬಂದದ್ದು ಮಾತ್ರ 1993ರಲ್ಲಿ!

2/4
ಆದೇಶ ಒಂದೇ ಸಾಲದು. ಬಕೆಟ್ ಹೋಗಬೇಕಾದರೆ ಅದರ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಲ್ವಾ? ಪೇಟೆಗಳಲ್ಲಿ ಅದಕ್ಕೆ ಸಿಕ್ಕ ಉತ್ತರ ಒಳಚರಂಡಿ.
ಲೆಕ್ಕ ಸರಳ. ಕಮೋಡಿನ ಕೆಳಗಿನ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರ್ತದೆ, ವಾಸನೆ ಮೇಲೆ ಬರದ ಹಾಗೆ ಅದೇ ತಡೆ. ಮನೆಯ ಪೈಪು ರಸ್ತೆಯಡಿಯ ದೊಡ್ಡ ಪೈಪಿಗೆ ಸೇರ್ತದೆ. ಅದಕ್ಕೆ ಹದವಾದ ಇಳಿಜಾರು ಬೇಕು. ಇಳಿಜಾರು ಕಮ್ಮಿಯಾದರೆ ಕೊಳೆ ತಳದಲ್ಲೇ ಕೂರ್ತದೆ. ತಿರುವಿನಲ್ಲಿ, ಪೈಪು ಸೇರುವಲ್ಲಿ ಮ್ಯಾನ್‌ಹೋಲ್. ತಗ್ಗಿನಿಂದ ಮೇಲೆತ್ತಲು ಪಂಪು. ಕೊನೆಗೆ ಶುದ್ಧೀಕರಣ ಘಟಕ. ಉಡುಪಿಯದ್ದು ನಿಟ್ಟೂರಿನಲ್ಲಿ ಉಂಟು.

3/4
ಕಥೆ ಇಲ್ಲಿಗೆ ಮುಗೀಲಿಲ್ಲ. ಪೈಪು ಕೊಳೆಯನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಕಳಿಸ್ತದೆ ಅಷ್ಟೆ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ನಾತ ಹೊಡೆದದ್ದು ಇದಕ್ಕೇ: ಊರಿನ ಕೊಳೆಯೆಲ್ಲ ನೇರ ನದಿಗೆ ಬೀಳ್ತಿತ್ತು. ನಮ್ಮ ಇಂದ್ರಾಣಿ ನದಿಯ ಗೋಳೂ ಅದೇ. ಕಲ್ಸಂಕದಿಂದ ಕೊಡವೂರು, ಕಲ್ಮಾಡಿ ಕಡೆಗೆ ಹರಿಯುವ ಈ ನೀರಿಗೆ ಉಡುಪಿಯ ಕೊಳಚೆ ಸೇರಿ, ದಡದ ಬಾವಿಗಳೂ ಹಾಳಾದವು ಅಂತ ಜನ ವರ್ಷಗಟ್ಟಲೆ ದೂರುತ್ತಾ ಬಂದಿದ್ದಾರೆ.
ಪೈಪು ಕಟ್ಟಿದಾಗ ಮ್ಯಾನ್‌ಹೋಲಿಗೆ ಮನುಷ್ಯರನ್ನೇ ಇಳಿಸಿದ್ದೂ ಉಂಟು. ಒಳಗಿನ ವಿಷಾನಿಲಕ್ಕೆ ಜೀವ ಹೋಗ್ತದೆ. ಸುರಕ್ಷತೆಯಿಲ್ಲದೆ ಹಾಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಆದರೂ ದೇಶದಲ್ಲಿ ಸಾವುಗಳು ನಿಂತಿಲ್ಲ. ತಲೆ ಮೇಲಿನ ಭಾರ ನೆಲದಡಿಗೆ ಹೋಯಿತು, ಹೊರುವವರು ಮಾತ್ರ ಹೆಚ್ಚಾಗಿ ಅದೇ ಸಮುದಾಯದವರು.

4/4
ಈಗ ನಮ್ಮ ಶಿರ್ವಕ್ಕೆ ಬರುವ. ಇಲ್ಲಿ ಮನೆ ಮನೆಗೂ ಗುಂಡಿ. ಘನ ತಳದಲ್ಲಿ ಕೊಳೆಯುತ್ತದೆ, ನೀರು ಮಣ್ಣಿಗೆ ಇಂಗ್ತದೆ. ನಮ್ಮದು ತೂತುತೂತಾದ ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಬಾವಿಯ ನೀರು ಮೇಲೆ ಬರ್ತದೆ. ಗುಂಡಿ ಎತ್ತರದಲ್ಲಿದ್ದು ಬಾವಿ ತಗ್ಗಿನಲ್ಲಿದ್ದರೆ ಮುಂದಿನದ್ದು ನೀವೇ ಊಹಿಸಿ. ಹೊಸ ಫ್ಲ್ಯಾಟುಗಳು ಏಳುವಾಗ ನಾವು ಪಾರ್ಕಿಂಗ್ ನೋಡ್ತೇವೆ, ಗುಂಡಿ ಎಲ್ಲಿ ಅಂತ ಕೇಳುವುದಿಲ್ಲ.
ಈ ವಾರ ಮನೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಗುಂಡಿಗೂ ಬಾವಿಗೂ ಎಷ್ಟು ದೂರ? ತುಂಬಿದಾಗ ಖಾಲಿ ಮಾಡುವುದು ಯಂತ್ರವಾ, ಮನುಷ್ಯನಾ? ಉತ್ತರ ಕಮೆಂಟಲ್ಲಿ ಹಾಕಿ. ಅಜ್ಜಿಗೆ ಬಕೆಟ್ಟಿನ ಕಾಲ ನೆನಪಿದ್ದರೆ ಅದನ್ನೂ ಬರೆಯಿರಿ.

#ಶಿರ್ವ #ಉಡುಪಿ #ಊರಿನಇತಿಹಾಸ #ಇಂದ್ರಾಣಿ