ಜಕಾತಿಯಿಂದ ತಸ್ತೀಕಿನವರೆಗೆ

ಪೇಟೆಗೆ ಸರಕು ತಂದವರು ಕಟ್ಟಬೇಕಾಗಿದ್ದ ಸುಂಕವನ್ನು ಹಿಂದಿನವರು ‘ಜಕಾತಿ’ ಎನ್ನುತ್ತಿದ್ದರು. ಗೊಣಗಿಕೊಂಡೇ ತೆರುತ್ತಿದ್ದ ಈ ಸುಂಕದ ಹೆಸರು ಮೂಲದಲ್ಲಿ ಬಡವರ ಪಾಲಿನದು. ಉಳ್ಳ ಮುಸಲ್ಮಾನರು ವರ್ಷಕ್ಕೊಮ್ಮೆ ತಮ್ಮ ಉಳಿತಾಯದ 40ರಲ್ಲಿ 1 ಪಾಲನ್ನು ಬಡವರು, ಸಾಲಗಾರರು, ದಾರಿಹೋಕರು ಮೊದಲಾದವರಿಗೆ ಕೊಡಬೇಕೆಂಬ ಕಟ್ಟಳೆಯೇ ಅರಬ್ಬಿಯ ‘ಜಕಾತ್’. ಫಸಲಿಗೂ ಲೆಕ್ಕವಿದೆ. ಮಳೆ ನಂಬಿ ಬೆಳೆದದ್ದರಲ್ಲಿ 10ರಲ್ಲಿ 1 ಪಾಲು. ನೀರೆತ್ತಿ ಬೆಳೆದದ್ದರಲ್ಲಿ 20ರಲ್ಲಿ 1. ಹೆಚ್ಚು ದುಡಿದವನಿಗೆ ಹೊರೆ ಕಡಿಮೆ.

ಬೆಂಗಳೂರು ಸೀಮೆಗೆ ಬಿಜಾಪುರದ ಆಳ್ವಿಕೆ ಬಂದದ್ದು 1638ರಲ್ಲಿ, ರಣದುಲ್ಲಾ ಖಾನನ ದಂಡಯಾತ್ರೆಯಿಂದ. 1687ರಲ್ಲಿ ಮೊಗಲರು ರಚಿಸಿದ ಶಿರಾ ಸುಬಾದ 7 ಪರಗಣಗಳಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ ಎರಡೂ ಇದ್ದವು. ಇನಾಂ, ಖೈರಾತು, ಮುಜರಾಯಿ ಮುಂತಾದ ಅರಬ್ಬಿ-ಫಾರಸಿ ಮಾತುಗಳು ಈ ಆಡಳಿತಗಳ ಬೆನ್ನಿಗೆ ಬಂದು ಕನ್ನಡದವೇ ಆದವು. ಮಾತು ಹೊಸದು, ರೂಢಿ ಹಳೆಯದು. ದೇವರ ದೀಪಕ್ಕೆ, ಕೆರೆ ಕಾಯುವವನಿಗೆ ಹೊಲ ಬಿಡುವ ಪದ್ಧತಿ ಇಲ್ಲಿ ಮೊದಲೇ ಇತ್ತು.

ಜಕಾತ್ ಹಂಚಿದರೆ ಮುಗಿಯಿತು. ವಕ್ಫ್ ಹಾಗಲ್ಲ. ಬಿಟ್ಟ ಆಸ್ತಿಯನ್ನು ಮಾರುವಂತಿಲ್ಲ. ಅದರ ಉತ್ಪನ್ನ ಮಾತ್ರ ಮಸೀದಿ, ದರ್ಗಾ, ಶಾಲೆ, ಅನಾಥರಿಗೆ ಸಲ್ಲಬೇಕು. ಮೈಸೂರು ಸಂಸ್ಥಾನದಲ್ಲಿ ದೇವಾಲಯಗಳ ಜೊತೆಗೆ ಇಂಥ ಸಂಸ್ಥೆಗಳೂ ಮುಜರಾಯಿ ಇಲಾಖೆಯ ಲೆಕ್ಕದಲ್ಲಿದ್ದವು.

ದೊಡ್ಡ ತಿರುವು ಬಂದದ್ದು 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯಿದೆಯಿಂದ. ಗುಡಿಯದಿರಲಿ, ದರ್ಗಾದ್ದಿರಲಿ, ಇನಾಂ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರನಿಗೆ ಹಕ್ಕು ದೊರೆಯಿತು. ಸಂಸ್ಥೆಗೆ ‘ತಸ್ತೀಕು’ ಎಂಬ ವಾರ್ಷಿಕ ನಗದು. ತಲೆತಲಾಂತರ ಬೇರೆಯವರ ಹೊಲ ಉತ್ತ ರೈತನಿಗೆ ಇದು ನ್ಯಾಯವೇ. ಆದರೆ ಹೊಲದ ಆದಾಯ ಧಾರಣೆಯ ಜೊತೆ ಏರುತ್ತದೆ, ತಸ್ತೀಕು ಸರ್ಕಾರ ಏರಿಸಿದರೆ ಮಾತ್ರ.

ಇತ್ತ ನಗರದಲ್ಲಿ ದಾನ ವ್ಯಾಪಾರದ ಲಾಭದಿಂದ ಹರಿಯಿತು. ಶಿವಾಜಿನಗರದ ಗೋಷಾ ಆಸ್ಪತ್ರೆ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ದೇಣಿಗೆಯ ಫಲ. ‘ಗೋಷಾ’ ಎಂದರೆ ಪರದೆ. ಪರದೆಯ ಹೆಣ್ಣುಮಕ್ಕಳನ್ನು ನೆನೆದು ಇಟ್ಟ ಹೆಸರಾದರೂ ಅಲ್ಲಿ ಎಲ್ಲ ಮತದ ತಾಯಂದಿರಿಗೂ ಹೆರಿಗೆಯಾಗುತ್ತದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಣ ಹೊಲಗಳು ನಿವೇಶನಗಳಾದವು. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ಬಿಟ್ಟ ಜಾಗಕ್ಕೂ ಈಗ ದಾಖಲೆ ಬೇಕು. 1954, 1995ರ ವಕ್ಫ್ ಕಾಯಿದೆಗಳು, 2025ರ ತಿದ್ದುಪಡಿ ಎಲ್ಲದರ ನಡುವೆಯೂ ಉಳಿದ ಪ್ರಶ್ನೆ ಒಂದೇ: ಈ ಜಾಗ ಯಾರದು, ಪಹಣಿ ಏನು ಹೇಳುತ್ತದೆ?

ಪಹಣಿ ಬೇಡದ ದಾನವೂ ಒಂದಿದೆ. ರಂಜಾನ್ ಹಬ್ಬದ ನಮಾಜಿಗೆ ಮುನ್ನ ಮನೆಯ ತಲೆಯೆಣಿಕೆಯಂತೆ, ಕೂಸಿನ ಹೆಸರಿನಲ್ಲೂ, ಕೊಡುವ ‘ಫಿತ್ರಾ’ ಅದು. ಹಬ್ಬದ ದಿನ ಯಾರ ಒಲೆಯೂ ಆರಿರಬಾರದೆಂಬುದೇ ಅದರ ಉದ್ದೇಶ.