1977: ದೆಹಲಿಯದ್ದು ಒಂದು ದಾರಿ, ನಮ್ಮೂರದ್ದು ಇನ್ನೊಂದು

1977ರ ಲೋಕಸಭಾ ಚುನಾವಣೆ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಗೆ ಜನ ಪಾಠ ಕಲಿಸಿದರು. ಸರಿ, ಆದರೆ ಯಾವ ಜನ? ನಮ್ಮ ಹತ್ತಿಮತ್ತೂರಿನ ಸೀಮೆಯವರಂತೂ ಅಲ್ಲ!

ಮೊದಲು ಲೆಕ್ಕ ನೋಡಿ. ಜನತಾ ಪಕ್ಷಕ್ಕೆ 295 ಸ್ಥಾನ, ಕಾಂಗ್ರೆಸ್ಸಿಗೆ 154. ಉತ್ತರ ಪ್ರದೇಶ, ಬಿಹಾರದಲ್ಲಿ ಕಾಂಗ್ರೆಸ್ಸಿಗೆ ಸೊನ್ನೆ. ರಾಯ್ ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ಮಾರ್ಚ್ 24ಕ್ಕೆ ಮೊರಾರ್ಜಿ ದೇಸಾಯಿ ಪ್ರಧಾನಿ. ಕೇಂದ್ರದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ.

ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್ಸಿಗೆ! ಜನತಾ ಗೆದ್ದದ್ದು ಬೆಂಗಳೂರು ದಕ್ಷಿಣ, ಹಾಸನ ಎರಡೇ. ನಮ್ಮದು ಆಗ ಧಾರವಾಡ ದಕ್ಷಿಣ ಕ್ಷೇತ್ರ, 1962ರಿಂದ ಗೆಲ್ಲುತ್ತಿದ್ದ ಎಫ್.ಎಚ್. ಮೊಹಸಿನ್ ಮತ್ತೆ ಗೆದ್ದರು.

ಯಾಕೆ ಹೀಗೆ? ಒತ್ತಾಯದ ಸಂತಾನಹರಣದ ಹಾವಳಿ ಉತ್ತರದಷ್ಟು ಇಲ್ಲಿರಲಿಲ್ಲ ಅನ್ನೋದು ಒಂದು ಕಾರಣ. ದೊಡ್ಡ ಕಾರಣ ದೇವರಾಜ ಅರಸು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಟ್ಟರೆ ಸಾಕು, ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯ ದುಡ್ಡಿಗೆ ಅಲ್ಲಿ ಅಷ್ಟು ಬೆಲೆ ಕಮ್ಮಿ ಅಂತಾಯ್ತಲ್ಲ.

ನಮ್ಮಜ್ಜನನ್ನ ಕೇಳಿದ್ರೆ ಒಂದೇ ಮಾತು: "ತಮ್ಮಾ, ಉತಾರದಾಗ ನಮ್ಮ ಹೆಸರು ಬಂದದ್ದು ಆ ಕಾಲದಾಗ. ಮತ್ತ ಯಾರಿಗೆ ಹಾಕೂಣು ಓಟು?"

ತಮಾಷೆ ಅಂದ್ರೆ ಆ ಸಲ ಜನತಾ ಪಕ್ಷದ ಗುರುತು ಚಕ್ರದೊಳಗಿನ ನೇಗಿಲು ಹೊತ್ತ ರೈತ, ಕಾಂಗ್ರೆಸ್ಸಿನದು ಹಸು-ಕರು. ಹೊಲ ಸಿಕ್ಕ ರೈತ ನೇಗಿಲು ಬಿಟ್ಟು ಹಸುವಿಗೆ ಒತ್ತಿದ!

ಆದರೆ ಇಲ್ಲಿಗೇ ಮುಗಿಸಿದರೆ ಅರ್ಧ ಕಥೆ. ವಾಜಪೇಯಿ, ಅಡ್ವಾಣಿಯವರನ್ನು ಬಂಧಿಸಿದ್ದು ಇದೇ ಬೆಂಗಳೂರಲ್ಲಿ. ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಹೊಲ ಕೊಟ್ಟದ್ದೂ ಅರಸು ಸರ್ಕಾರ, ಆ ಜೈಲು ನಡೆಸಿದ್ದೂ ಅದೇ ಸರ್ಕಾರ.

ಇದಾಗಿ ಇಪ್ಪತ್ತು ವರ್ಷದ ಮೇಲೆ ಹುಟ್ಟಿದವನು ನಾನು. ಆ ಹೊಲದ ಪೀಕಿನ ಮೇಲೆ ಅಪ್ಪ ಓದಿದ, ಅಪ್ಪ ಓದಿದ್ದಕ್ಕೆ ನಾನು ಇಂಜಿನಿಯರಾದೆ. ಅಜ್ಜನ ಓಟನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಸ್ನೇಹಲತಾ ಅವರನ್ನು ಮರೆತು ಸರಿ ಅನ್ನೋಕೂ ಆಗಲ್ಲ.

ನಿಮ್ಮೂರಲ್ಲಿ ಆ ವರ್ಷ ಏನಾಯ್ತು? ಹಿರಿಯರಿದ್ದಾಗಲೇ ಕೇಳಿ ಬರೆದಿಡಿ.