ವಿದ್ಯುತ್ ಕ್ಷೌರಯಂತ್ರದ ಹೊಸ ತಲೆಯೂ ಅಲಗಿನ ಹದವೂ

ಉಪಕರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಆಧಾರಗಳನ್ನು ಅವಲಂಬಿಸುವರು: ಒಂದು, ಉಪಕರಣವನ್ನು ಕಲ್ಪಿಸಿದವನ ಹೆಸರು, ಇನ್ನೊಂದು, ಪೇಟೆಂಟಿನ ತೇದಿ. ಇವೆರಡೂ ಅವಶ್ಯವಾದುವೇ ಸರಿ. ಆದರೆ ಒಂದು ವಸ್ತುವು ಕಲ್ಪಿತವಾದ ದಿನಕ್ಕೂ ಅದು ಬಳಸುವವನ ಕೈಗೆ ಪಳಗಿದ ದಿನಕ್ಕೂ ನಡುವೆ ಒಂದು ಅವಧಿಯುಂಟು. ಆ ಅವಧಿಯಲ್ಲಿ ನಡೆಯುವುದು ಪೇಟೆಂಟಿನಲ್ಲಿ ಬರೆದಿರುವುದಿಲ್ಲ. ಆದಕಾರಣ ಚರಿತ್ರೆಯಲ್ಲಿಯೂ ಅದಕ್ಕೆ ಎಡೆ ದೊರೆಯುವುದು ಅಪೂರ್ವ. ಇದಕ್ಕೆ ಒಳ್ಳೆಯ ನಿದರ್ಶನವು ವಿದ್ಯುತ್ ಕ್ಷೌರಯಂತ್ರದಲ್ಲಿ ದೊರೆಯುತ್ತದೆ. ಈ ಯಂತ್ರದ ಕೊಯ್ಯುವ ಭಾಗಕ್ಕೆ ತಲೆಯೆಂದು ಹೆಸರು. ತಲೆಯು ಸವೆದ ಮೇಲೆ ಅದನ್ನು ತೆಗೆದು ಹೊಸದನ್ನು ಕೂಡಿಸುವುದು ವಾಡಿಕೆ. ಹೀಗೆ ಕೂಡಿಸಿದ ಹೊಸ ತಲೆಯು ಮೊದಲ ಕೆಲವು ದಿನ ಹಳೆಯದಕ್ಕಿಂತಲೂ ಒರಟಾಗಿ ನಡೆಯುವಂತೆ ತೋರುವುದೂ, ಗಲ್ಲವು ಕೆಂಪೇರುವುದೂ, ಕತ್ತಿನಲ್ಲಿ ಕೂದಲು ಉಳಿಯುವುದೂ ಬಳಸುವವರಲ್ಲಿ ಅನೇಕರ ಅನುಭವ. ಹೊಸದು ಹಳೆಯದಕ್ಕಿಂತ ಕೀಳಾಗಿ ಕಾಣುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಯಂತ್ರದಲ್ಲಿ ಮಾತ್ರವೇ ಹುಡುಕಿದರೆ ಸಾಲದು. ಅಲಗಿನ ಚರಿತ್ರೆಯನ್ನೇ ನೋಡಬೇಕಾಗುತ್ತದೆ.

ಕ್ಷೌರದ ಕತ್ತಿಯು ಬಹು ಪ್ರಾಚೀನವಾದುದು. ಕ್ಷುರ ಎಂಬ ಶಬ್ದವು ಋಗ್ವೇದದಲ್ಲಿಯೇ ದೊರೆಯುತ್ತದೆ. ಅದರ ಎಂಟನೆಯ ಮಂಡಲದ ಒಂದು ಋಕ್ಕಿನಲ್ಲಿ ಕ್ಷುರವನ್ನು ಹರಿತಗೊಳಿಸುವ ಕ್ರಿಯೆಯೇ ಉಪಮಾನವಾಗಿದೆ. ಗ್ರೀಕರ ‘ಕ್ಸುರೋನ್’ ಎಂಬ ಶಬ್ದವು ಇದರ ಸಜಾತಿಯೆಂದು ಭಾಷಾಶಾಸ್ತ್ರಜ್ಞರ ಮತ. ಕಠೋಪನಿಷತ್ತು ಜ್ಞಾನಮಾರ್ಗದ ದುರ್ಗಮತೆಯನ್ನು ಹೇಳುವಾಗ ಕ್ಷುರದ ಧಾರೆಯನ್ನೇ ನೆನೆಯುತ್ತದೆ. ಈ ಎರಡು ಪ್ರಯೋಗಗಳಲ್ಲಿಯೂ ಕವಿಯ ದೃಷ್ಟಿಯು ಕತ್ತಿಯ ಹಿಡಿಯ ಮೇಲಾಗಲಿ ಲೋಹದ ಮೇಲಾಗಲಿ ನೆಟ್ಟಿಲ್ಲ, ಅದರ ಧಾರೆಯ ಮೇಲೆ ನೆಟ್ಟಿದೆ ಎಂಬುದನ್ನು ಗಮನಿಸತಕ್ಕದ್ದು.

ಕನ್ನಡದಲ್ಲಿ ಈ ಭಾವಕ್ಕೆ ‘ಹದ’ ಎಂಬ ಶಬ್ದವಿದೆ. ಹಳಗನ್ನಡದ ‘ಪದ’ ಎಂಬ ರೂಪವೇ ಪಕಾರಕ್ಕೆ ಹಕಾರವು ಬಂದು ಹೀಗಾಗಿದೆ. ಮಣ್ಣಿಗೆ ಹದವುಂಟು, ಪಾಕಕ್ಕೆ ಹದವುಂಟು, ಕತ್ತಿಗೂ ಹದವುಂಟು. ಕತ್ತಿಯ ವಿಷಯದಲ್ಲಿ ಅದು ಕೇವಲ ಹರಿತವನ್ನು ಹೇಳುವುದಿಲ್ಲ. ಮಾಡಬೇಕಾದ ಕೆಲಸಕ್ಕೆ ತಕ್ಕ ಸ್ಥಿತಿಯನ್ನು ಹೇಳುತ್ತದೆ. ಅತಿ ಹರಿತವಾದ ಕತ್ತಿಯೂ ಹದ ತಪ್ಪಿದ್ದಾಗಿರಬಹುದು. ಸಾಣೆಕಲ್ಲಿನ ಮೇಲೆ ಮಸೆದ ಅಲಗಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮುಳ್ಳುಗಳು ಉಳಿದಿರುತ್ತವೆ. ತೊಗಲಿನ ಪಟ್ಟಿಯ ಮೇಲೆ ಎಳೆದಾಗ ಅವು ಒರಗಿ ನೇರವಾಗುತ್ತವೆ. ಕ್ಷೌರಿಕನು ಒಬ್ಬೊಬ್ಬರ ಮುಖಕ್ಕೂ ಮೊದಲು ಕತ್ತಿಯನ್ನು ಪಟ್ಟಿಗೆ ಎಳೆಯುತ್ತಿದ್ದುದು ಈ ಹದಕ್ಕಾಗಿಯೇ. ಎಳೆಯ ಮೀಸೆಗೆ ಒಂದು ಒತ್ತು, ಒರಟು ಗಡ್ಡಕ್ಕೆ ಇನ್ನೊಂದು ಓರೆ. ಇದೆಲ್ಲವೂ ಅವನ ಬೆರಳಿನಲ್ಲಿ ಅಡಗಿದ್ದ ವಿದ್ಯೆ. ಕ್ಷೌರ ಮಾಡಿಸಿಕೊಳ್ಳುವವನು ಅಲಗಿಗೆ ಹೊಂದಿಕೊಳ್ಳಬೇಕಾಗಿರಲಿಲ್ಲ. ಅಲಗನ್ನೇ ಅವನಿಗೆ ಹೊಂದಿಸಿ ಕೊಡುವವನೊಬ್ಬನಿದ್ದನು.

ಈ ವಿದ್ಯೆಗೆ ಸಲ್ಲುತ್ತಿದ್ದ ಗೌರವಕ್ಕೆ ಕರ್ನಾಟಕದ ಶಾಸನಗಳೇ ಸಾಕ್ಷಿಯಾಗಿವೆ. ಹದಿನಾರನೆಯ ಶತಮಾನದ ಮಧ್ಯದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಕೊಂಡೋಜನೇ ಮೊದಲಾದ ನಾವಿದರ ಸೇವೆಗೆ ಅಳಿಯ ರಾಮರಾಯನು ಮೆಚ್ಚಿ ನಾವಿದರ ಮೇಲಣ ತೆರಿಗೆಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಬಾದಾಮಿಯೇ ಮೊದಲಾದ ಸ್ಥಳಗಳ ಶಾಸನಗಳು ತಿಳಿಸುತ್ತವೆ. ಆದರೆ ಇದರಿಂದ ಆ ವೃತ್ತಿಯವರ ಬಾಳು ಸುಖಮಯವಾಗಿತ್ತೆಂದು ಊಹಿಸಲಾಗದು. ಹಳ್ಳಿಯ ಆಯಗಾರರಲ್ಲಿ ಕ್ಷೌರಿಕನೂ ಒಬ್ಬನು. ವರ್ಷವಿಡೀ ದುಡಿದುದಕ್ಕೆ ಸುಗ್ಗಿಯಲ್ಲಿ ದೊರೆಯುವ ಧಾನ್ಯವೇ ಅವನ ಕೂಲಿ. ಅವನ ಬೆರಳಿನ ವಿದ್ಯೆಯು ಎಲ್ಲರಿಗೂ ಬೇಕಾಗಿತ್ತು. ಅವನಿಗೆ ಸಮಾನಸ್ಥಾನವನ್ನು ಕೊಡಲು ಮಾತ್ರ ಸಮಾಜವು ಹಿಂಜರಿಯಿತು. ಆದುದರಿಂದ ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ಉಪಕರಣವು ಬಂದಾಗ ಅದರ ಪರಿಣಾಮವು ಒಂದು ಸೌಕರ್ಯದಲ್ಲಿಯೇ ಮುಗಿಯಲಿಲ್ಲ. ಒಂದು ವಿದ್ಯೆಯೂ ಒಂದು ಜೀವನೋಪಾಯವೂ ಅದರಿಂದ ಕದಲಿದುವು.

ಅಂತಹ ಉಪಕರಣದ ಯೋಚನೆಯು ಮೂಡಿದ್ದು ಯೂರೋಪಿನಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಕತ್ತಿಗಾರನಾದ ಜ್ಯಾನ್ ಜಾಕ್ ಪೆರೆ ಎಂಬಾತನು ಅಲಗಿಗೆ ಮರದ ಕಾಪನ್ನು ತೊಡಿಸಿ, ಚರ್ಮವು ಆಳವಾಗಿ ಕೊಯ್ಯದಂತೆ ಮಾಡಿದನು. ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ಕಲೆಯನ್ನು ಕುರಿತು ಒಂದು ಗ್ರಂಥವನ್ನೂ ಬರೆದನು. ೧೮೮೦ರಲ್ಲಿ ಅಮೆರಿಕದ ಕ್ಯಾಂಫೆ ಸೋದರರು ಕಾಪುಳ್ಳ ಕ್ಷೌರದ ಕತ್ತಿಗೆ ಪೇಟೆಂಟನ್ನು ಪಡೆದರು. ಇವುಗಳಲ್ಲಿ ಗಾಯದ ಭಯವು ತಗ್ಗಿತೇ ಹೊರತು ಮಸೆಯುವ ಕೆಲಸವು ತಪ್ಪಲಿಲ್ಲ. ಅಲಗನ್ನು ಹೊರತೆಗೆದು ಪಟ್ಟಿಗೆ ಎಳೆಯಲೇಬೇಕಾಗಿತ್ತು. ಹದದ ಭಾರವು ಕ್ಷೌರಿಕನಿಂದ ಗೃಹಸ್ಥನಿಗೆ ವರ್ಗವಾಯಿತು, ಅಷ್ಟೇ.

ನಿಜವಾದ ಪರಿವರ್ತನೆಯು ಕಿಂಗ್ ಕ್ಯಾಂಪ್ ಜಿಲೆಟ್ಟನಿಂದ ಆಯಿತು. ಈತನು ಸೀಸೆಯ ಬಿರಡೆಗಳನ್ನು ಮಾರುವ ಸಂಸ್ಥೆಯೊಂದರ ವ್ಯಾಪಾರಪ್ರತಿನಿಧಿಯಾಗಿದ್ದನು. ಒಮ್ಮೆ ಬಳಸಿ ಎಸೆಯತಕ್ಕ ವಸ್ತುವೊಂದನ್ನು ಕಲ್ಪಿಸೆಂದು ಬಿರಡೆಯ ನಿರ್ಮಾತೃವಾದ ವಿಲಿಯಂ ಪೇಂಟರನು ಈತನಿಗೆ ಸಲಹೆಯಿತ್ತಿದ್ದನು. ೧೮೯೫ರಲ್ಲಿ, ಮಸೆಯಬೇಕಾದ ಅವಶ್ಯಕತೆಯೇ ಇಲ್ಲದ ತೆಳುವಾದ ಉಕ್ಕಿನ ಅಲಗಿನ ಯೋಚನೆಯು ಈತನಿಗೆ ಹೊಳೆಯಿತು. ಅಷ್ಟು ತೆಳುವಾದ ಉಕ್ಕಿಗೆ ಗಡಸುತನವನ್ನು ಕೊಡುವುದು ಅಸಾಧ್ಯವೆಂದು ತಜ್ಞರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರನು ಅದನ್ನು ಸಾಧಿಸಿದನು. ೧೯೦೩ರಲ್ಲಿ ಮಾರಾಟವಾದುವು ೫೧ ಹಿಡಿಗಳೂ ೧೬೮ ಅಲಗುಗಳೂ ಮಾತ್ರ. ಒಂದನೆಯ ಮಹಾಯುದ್ಧವು ಮುಗಿಯುವಷ್ಟರಲ್ಲಿ ಅಮೆರಿಕದ ಸೈನಿಕರಿಗಾಗಿ ಸುಮಾರು ೩೫ ಲಕ್ಷ ಹಿಡಿಗಳು ಸರಬರಾಜಾಗಿದ್ದುವು. ಹಿಡಿಯು ಸ್ಥಿರ, ಅಲಗು ಚರ ಎಂಬ ನಿಯಮವು ಇಲ್ಲಿಂದ ನೆಲೆಗೊಂಡಿತು. ಹದವು ಮನೆಯನ್ನು ಬಿಟ್ಟು ಕಾರ್ಖಾನೆಯನ್ನು ಸೇರಿತು. ಮಸೆಯುವ ಕೈ ಹೋಗಿ ಕೊಳ್ಳುವ ಕೈ ಬಂದಿತು.

ವಿದ್ಯುತ್ ಕ್ಷೌರಯಂತ್ರವು ಈ ನಿಯಮವನ್ನು ಅನುಸರಿಸಿಯೇ ಬಂದಿತಾದರೂ ಅದರೊಳಗೆ ಒಂದು ಹೊಸ ತೊಡಕನ್ನು ತಂದಿತು. ವಿದ್ಯುತ್ತಿನಿಂದ ನಡೆಯುವ ಕ್ಷೌರದ ಕತ್ತಿಗೆ ಜಾನ್ ಓರೂರ್ಕ್ ಎಂಬವನು ೧೮೯೮ರಲ್ಲಿಯೇ ಪೇಟೆಂಟನ್ನು ಕೋರಿದ್ದನು. ಆದರೆ ಅದನ್ನು ಜನಬಳಕೆಗೆ ತಂದ ಕೀರ್ತಿಯು ಅಮೆರಿಕದ ಸೇನಾಧಿಕಾರಿಯಾಗಿದ್ದ ಜೇಕಬ್ ಷಿಕ್ಕನಿಗೆ ಸಲ್ಲುತ್ತದೆ. ಸೇನೆಯನ್ನು ಬಿಟ್ಟ ಮೇಲೆ ಉತ್ತರ ಅಮೆರಿಕದ ಶೀತಪ್ರದೇಶದಲ್ಲಿ ಗಣಿಗಳನ್ನು ಹುಡುಕುತ್ತಿದ್ದಾಗ ಈತನ ಕಾಲು ಉಳುಕಿತು. ನೀರೂ ಸಾಬೂನೂ ಇಲ್ಲದೆ ಕ್ಷೌರಮಾಡುವ ಉಪಾಯವನ್ನು ಆಗ ಚಿಂತಿಸಿದನೆಂದು ಹೇಳುವರು. ಈತನ ಮೊದಲ ಮಾದರಿಯಲ್ಲಿ ಮೋಟಾರನ್ನು ಒಂದು ಕೈಯಲ್ಲಿಯೂ ಕೊಯ್ಯುವ ತಲೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿಯಬೇಕಾಗಿದ್ದಿತು. ಅದನ್ನು ಯಾರೂ ಮೆಚ್ಚಲಿಲ್ಲ. ಒಂದೇ ಕೈಯಲ್ಲಿ ಹಿಡಿಯಬಹುದಾದ ಯಂತ್ರವು ೧೯೩೧ರಲ್ಲಿ ೨೫ ಡಾಲರು ಬೆಲೆಗೆ ಮಾರುಕಟ್ಟೆಗೆ ಬಂದಿತು. ೧೯೩೭ರಲ್ಲಿ ಷಿಕ್ಕನು ತೀರಿಕೊಂಡನು. ಅದೇ ವರ್ಷ ರೆಮಿಂಗ್ಟನ್ ಸಂಸ್ಥೆಯೂ ಈ ವ್ಯಾಪಾರಕ್ಕೆ ಇಳಿಯಿತು.

ಷಿಕ್ಕನ ಯಂತ್ರದಲ್ಲಿ ಅಲಗು ಅತ್ತಿತ್ತ ಓಡಾಡುತ್ತಿತ್ತು. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಹೊರೊವಿಟ್ಸನು ಸುತ್ತುವ ಅಲಗನ್ನು ಕಲ್ಪಿಸಿದನು. ಒಂದೇ ತಲೆಯುಳ್ಳ ಆ ಯಂತ್ರವು ೧೯೩೯ರಲ್ಲಿ ಹೊರಬಂದಿತು. ೧೯೫೧ರಲ್ಲಿ ತಲೆಗಳು ಎರಡಾದುವು, ೧೯೬೬ರಲ್ಲಿ ಮೂರಾದುವು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮ್ಯಾಕ್ಸ್ ಬ್ರೌನನು ಅತಿ ತೆಳುವಾದ ಜಾಲರಿ ತಗಡಿನ ಹಿಂದೆ ಅಲಗುಗಳು ಓಡಾಡುವ ಯಂತ್ರವನ್ನು ೧೯೫೦ರಲ್ಲಿ ತಂದನು. ೧೯೬೨ರಲ್ಲಿ ಅದೇ ಸಂಸ್ಥೆಯು ಆರು ಮೂಲೆಯ ರಂಧ್ರಗಳುಳ್ಳ, ಪ್ಲಾಟಿನಮ್ಮಿನ ಲೇಪವುಳ್ಳ ಜಾಲರಿಯನ್ನು ಬಳಕೆಗೆ ತಂದಿತು.

ಈ ಎಲ್ಲ ಯಂತ್ರಗಳಿಗೂ ಸಮಾನವಾದ ತತ್ತ್ವವೊಂದುಂಟು. ಕ್ಷೌರದ ಕತ್ತಿಯಲ್ಲಿ ಅಲಗು ಒಂದೇ. ವಿದ್ಯುತ್ ಯಂತ್ರದಲ್ಲಿ ಎರಡು: ಚರ್ಮವನ್ನು ಮುಟ್ಟುವ ನಿಶ್ಚಲವಾದ ಹೊರತಗಡು ಒಂದು, ಅದರ ಬೆನ್ನಿಗೆ ಒತ್ತಿಕೊಂಡು ಚಲಿಸುವ ಒಳ ಅಲಗು ಇನ್ನೊಂದು. ಹೊರತಗಡಿನ ಸೀಳಿನಲ್ಲಿ ಕೂದಲು ನುಗ್ಗಿದೊಡನೆ ಒಳ ಅಲಗು ಅದನ್ನು ಕತ್ತರಿಯಂತೆ ಕೊಯ್ಯುವುದು. ಕತ್ತರಿಯ ಹರಿತವು ಎರಡು ಅಲಗುಗಳು ಒಂದನ್ನೊಂದು ಕೂಡುವ ರೀತಿಯಲ್ಲಿರುತ್ತದೆಯೆಂಬುದು ಯಾವ ದರ್ಜಿಗೂ ತಿಳಿದ ಮಾತು. ಕ್ಷೌರಯಂತ್ರದಲ್ಲಿಯೂ ಹಾಗೆಯೇ. ಹೊರತಗಡೂ ಒಳ ಅಲಗೂ ದಿನದಿನವೂ ಉಜ್ಜಿಕೊಂಡು ಒಂದಕ್ಕೊಂದು ಒದಗುತ್ತವೆ. ಒಂದರ ಏರು ಇನ್ನೊಂದರ ತಗ್ಗಿಗೆ ಕೂಡಿಬರುತ್ತದೆ. ಸುತ್ತುವ ಅಲಗಿನ ಯಂತ್ರಗಳ ಕೈಪಿಡಿಗಳಲ್ಲಿ, ತೊಳೆಯುವಾಗ ಒಂದು ಜೋಡಿಯ ಅಲಗನ್ನು ಇನ್ನೊಂದು ಜೋಡಿಯ ತಗಡಿಗೆ ಸೇರಿಸಬಾರದೆಂದೂ, ಸೇರಿಸಿದರೆ ಮೊದಲಿನಂತೆ ಕೊಯ್ಯಲು ಕೆಲವು ವಾರಗಳು ಹಿಡಿಯಬಹುದೆಂದೂ ಎಚ್ಚರಿಸಿರುವುದು ಇದರಿಂದಲೇ. ಕಾರ್ಖಾನೆಗೆ ಹೋದ ಹದವು ಅಲ್ಲಿ ಪೂರ್ಣವಾಗದೆ ಮತ್ತೆ ಮನೆಗೇ ಬಂದಿತೆಂಬುದಕ್ಕೆ ಈ ಎಚ್ಚರಿಕೆಯ ಮಾತು ಸಾಕಾದ ಪ್ರಮಾಣ.

ಇನ್ನು ಸವೆತದ ವಿಚಾರ. ಉಕ್ಕಿಗಿಂತ ಸುಮಾರು ೫೦ ಪಾಲು ಮೆದುವಾದ ಕೂದಲು ಉಕ್ಕನ್ನು ಕೆಡಿಸುವುದು ಹೇಗೆಂಬುದು ಬಹುಕಾಲ ವಿಸ್ಮಯದ ಸಂಗತಿಯಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಶಾಸ್ತ್ರಸಂಸ್ಥೆಯ ವಿದ್ವಾಂಸರು ಬ್ಲೇಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ೨೦೨೦ರಲ್ಲಿ ಇದನ್ನು ವಿವರಿಸಿದರು. ಕೂದಲು ಬಾಗಿ ಅಲಗಿನ ಅಂಚಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆಯು ಏಕರೂಪವಾಗಿಲ್ಲದ ಎಡೆಯಲ್ಲಿ ಒತ್ತಡವು ನೆರೆದು ಅಂಚು ಸಣ್ಣಸಣ್ಣ ಚಕ್ಕೆಗಳಾಗಿ ಸಿಡಿಯುತ್ತದೆ. ವಿದ್ಯುತ್ ಯಂತ್ರದಲ್ಲಾದರೋ ಲೋಹಕ್ಕೆ ಲೋಹವು ಉಜ್ಜುವ ಸವೆತವೂ ಇದಕ್ಕೆ ಕೂಡಿಕೊಳ್ಳುವುದು. ಬ್ರೌನ್ ಸಂಸ್ಥೆಯು ೧೮ ತಿಂಗಳಿಗೊಮ್ಮೆಯೂ, ಫಿಲಿಪ್ಸ್ ಸಂಸ್ಥೆಯು ಅನೇಕ ಮಾದರಿಗಳಲ್ಲಿ ಎರಡು ವರ್ಷಕ್ಕೊಮ್ಮೆಯೂ ತಲೆಯನ್ನು ಬದಲಿಸಬೇಕೆಂದು ಹೇಳುತ್ತವೆ.

ಇಲ್ಲಿ ಮುಖ್ಯವಾಗಿ ಪರ್ಯಾಲೋಚಿಸತಕ್ಕ ಅಂಶವೊಂದಿದೆ. ಸವೆತವು ಒಂದೇ ದಿನದಲ್ಲಿ ಆಗುವುದಲ್ಲ. ಹಳೆಯ ತಲೆಯು ಮೊಂಡಾದಂತೆಲ್ಲ ಬಳಸುವವನ ಕೈ ತನಗೆ ತಿಳಿಯದೆಯೇ ಹೆಚ್ಚು ಒತ್ತತೊಡಗುತ್ತದೆ. ಒಂದು ಬಾರಿ ಎಳೆಯುವಲ್ಲಿ ಮೂರು ಬಾರಿ ಎಳೆಯುತ್ತದೆ. ಅದೇ ಅಭ್ಯಾಸದಿಂದ ಹೊಸ ತಲೆಯನ್ನು ಒತ್ತಿದರೆ ಚರ್ಮವು ತೆಳುತಗಡಿನ ಸೀಳುಗಳಿಗೆ ಉಬ್ಬಿ ನುಗ್ಗಿ ಉರಿಯುವುದು ಸಹಜ. ಆದಕಾರಣ ಹೊಸ ತಲೆಗೆ ಹೊಂದಿಕೊಳ್ಳುವುದೆಂದರೆ ಮೂರು ಹೊಂದಿಕೆಗಳು ಒಟ್ಟಿಗೆ ನಡೆಯುವುದೆಂದು ತಿಳಿಯತಕ್ಕದ್ದು: ಲೋಹವು ಲೋಹಕ್ಕೆ ಒದಗಬೇಕು, ಕೈ ತನ್ನ ಹಳೆಯ ಒತ್ತಡವನ್ನು ಮರೆಯಬೇಕು, ಚರ್ಮವು ಹೊಸ ಸ್ಪರ್ಶಕ್ಕೆ ಒಗ್ಗಬೇಕು. ಮೊದಲನೆಯದು ಬಳಕೆಯಿಂದ ತಾನಾಗಿ ಆಗುವುದು. ಮೂರನೆಯದಕ್ಕೆ ಕಾಲವೇ ಔಷಧ. ಎರಡನೆಯದು ಮಾತ್ರ ಮನುಷ್ಯನ ವಶದಲ್ಲಿದೆ. ಹಗುರವಾಗಿ ಹಿಡಿಯುವುದು, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದುಕೊಳ್ಳುವುದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ನಡೆಸುವುದು, ಇವು ಹಳೆಯ ಕ್ಷೌರಿಕನು ತನ್ನ ಶಿಷ್ಯನಿಗೆ ಕಲಿಸುತ್ತಿದ್ದ ಪಾಠಗಳಿಗೆ ದೂರವಾದುವಲ್ಲ. ಜಾಲರಿಯು ಹರಿದಿದ್ದರೆ ಅಥವಾ ಅಲಗು ಮುರಿದಿದ್ದರೆ ಅದು ಹದದ ಕೊರತೆಯಲ್ಲ, ದೋಷ. ಅಂತಹುದನ್ನು ತಾಳ್ಮೆಯಿಂದ ಸರಿಪಡಿಸಲಾಗದು, ತೆಗೆದುಹಾಕಲೇಬೇಕು. ದೋಷಕ್ಕೂ ಹದಗೆಡುವಿಕೆಗೂ ಇರುವ ಈ ಭೇದವನ್ನು ಅರಿಯದವನು, ಮೊದಲ ವಾರದಲ್ಲಿಯೇ ಒಳ್ಳೆಯ ತಲೆಯನ್ನು ಎಸೆಯುವನು, ಇಲ್ಲವೆ ಕೆಟ್ಟ ತಲೆಯನ್ನು ತಿಂಗಳುಗಟ್ಟಲೆ ಸಹಿಸುವನು.

ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಬದಲಿಸಬಹುದಾದ ಭಾಗವು ಬಂದುದರಿಂದ ಮನುಷ್ಯನಿಗೆ ಹೊಂದಿಕೊಳ್ಳುವ ಶ್ರಮವು ತಪ್ಪಿತೆಂಬ ನಂಬಿಕೆಯು ಪೂರ್ಣವಾಗಿ ಸತ್ಯವಲ್ಲ. ಕ್ಷೌರಿಕನು ದಿನವೂ ಕೆಲವು ಕ್ಷಣಗಳಲ್ಲಿ ಮುಗಿಸುತ್ತಿದ್ದ ಕೆಲಸವು ಈಗ ಒಂದೆರಡು ವರ್ಷಕ್ಕೊಮ್ಮೆ, ಕೆಲವು ದಿನಗಳ ಅಥವಾ ವಾರಗಳ ಅವಧಿಯಾಗಿ ಒಟ್ಟಿಗೆ ಬರುತ್ತದೆ. ಅದನ್ನು ನಡೆಸಿಕೊಡುವ ಬಲ್ಲಿದನು ಹತ್ತಿರವಿಲ್ಲದ್ದರಿಂದ ಯಂತ್ರದ ತಪ್ಪೆಂದೇ ತೋರುತ್ತದೆ. ಎರಡನೆಯದು ಇನ್ನೂ ಗುರುತರವಾದುದು. ಮಸೆಯುವ ಕಲ್ಲು ಯಾವ ಊರಿನಲ್ಲಿಯೂ ದೊರೆಯುತ್ತಿತ್ತು. ಒಂದು ಕತ್ತಿಯು ತಂದೆಯಿಂದ ಮಗನಿಗೆ ಬರುತ್ತಿತ್ತು. ತಲೆಯಾದರೋ ಆಯಾ ಮಾದರಿಗೆ ಆಯಾ ಸಂಸ್ಥೆಯಿಂದಲೇ ಬರಬೇಕು. ಅದರ ತಯಾರಿಕೆಯು ನಿಂತರೆ, ಮೋಟಾರು ಇನ್ನೂ ಹತ್ತು ವರ್ಷ ನಡೆಯುವಂತಿದ್ದರೂ ಯಂತ್ರವು ನಿಷ್ಪ್ರಯೋಜಕವಾಗುವುದು. ಅಲಗಿಗೆ ಆಯುಸ್ಸನ್ನು ಕೊಡುವ ಅಧಿಕಾರವು ಬಳಸುವವನ ಕೈಯಿಂದ ತಪ್ಪಿಹೋದುದು ಹೀಗೆ. ಆ ಅಧಿಕಾರವನ್ನು ಹಿಂದೆ ಹೊಂದಿದ್ದ ನಾವಿದನ ಹೆಸರು ಬಾದಾಮಿಯಲ್ಲಿ ಕಲ್ಲಿನ ಮೇಲಿದೆ. ಅವನ ವಿದ್ಯೆಯ ವಿವರಗಳು ಎಲ್ಲಿಯೂ ಬರೆದಿಲ್ಲ. ವೃತ್ತಿಪದಗಳ ಸಂಗ್ರಹದಲ್ಲಿ ತೊಡಗಿರುವ ವಿದ್ವಾಂಸರು ಮಸೆಯುವ, ಎಳೆಯುವ, ಹದಗೊಳಿಸುವ ಕ್ರಿಯೆಗಳ ಮಾತುಗಳನ್ನು ಆ ಕಸುಬನ್ನು ಬಲ್ಲ ವೃದ್ಧರ ಬಾಯಿಂದ ಇನ್ನೂ ಕೇಳಬಹುದಾಗಿರುವಾಗಲೇ ಬರೆದಿಡುವುದು ಅತ್ಯವಶ್ಯವಾಗಿದೆ.